ಮಡ್ಡಿ ಹೊಲ ಐತಿ, ಏನ್ ಮಾಡೋದು? ಹುಲ್ಲು-ಕುರಿ, ಸಜ್ಜಿ-ಹುರಳಿ, ಹಣ್ಣಿನ ಗಿಡ, ಕೆರಿ ಹೂಳು: ಯಾವ ಗರಸಿಗೆ ಯಾವುದು

ಕೊಪ್ಪಳ, ಕುಷ್ಟಗಿ, ಲಿಂಗಸುಗೂರು, ಮಸ್ಕಿ, ದೇವದುರ್ಗ ಕಡೆ ಹೊಲ ಇದ್ದೋರಿಗೆ ಇದು ದಿನಾ ಕೇಳೋ ಮಾತು, "ನಮ್ದು ಮಡ್ಡಿ ರೀ, ಬರೇ ಗರಸು, ನೀರು ನಿಲ್ಲಂಗಿಲ್ಲ, ಏನ್ ಹಾಕೋದು?" ಅಂತ. ಉತ್ತರ ಕೊಡೋರೂ ಭಾಳ ಮಂದಿ ಅದಾರ, ಒಬ್ರು ದಾಳಿಂಬಿ ಹಚ್ರಿ ಅಂತಾರ, ಇನ್ನೊಬ್ರು ಹೂಳು ಹೊಡಸ್ರಿ ಅಂತಾರ, ಮತ್ತೊಬ್ರು ಕುರಿ ಕಟ್ರಿ ಸಾಕು ಅಂತಾರ. ಮೂರೂ ಮಾತು ಖರೆ ಇರಬಹುದು, ಆದ್ರ ಮೂರೂ ಒಂದ ಹೊಲಕ್ಕ ಖರೆ ಇರಂಗಿಲ್ಲ. ಯಾಕಂದ್ರ ಮ್ಯಾಲೆ ನೋಡಿದ್ರ ಎಲ್ಲಾ ಗರಸೂ, ಅಂದ್ರ ಸಣ್ಣ ಕಲ್ಲು-ಹರಳು ತುಂಬಿದ ನೆಲ, ಒಂದ ಥರಾ ಕಾಣತೈತಿ, ಕೆಳಗ ಮಾತ್ರ ಒಂದಕ್ಕೊಂದು ಸಂಬಂಧ ಇರಂಗಿಲ್ಲ. ಮಣ್ಣಿನ ಬಣ್ಣ ನೋಡಿ, ಮ್ಯಾಲಿನ ಕಲ್ಲು ನೋಡಿ ಡಿಸೈಡ್ ಮಾಡೋದು ಬಿಟ್ಟು ಮೊದ್ಲು ಆಳ ಎಷ್ಟೈತಿ, ಆಳದಾಗ ಏನೈತಿ ನೋಡ್ರಿ. ಬೆಳಿ, ಹುಲ್ಲು, ಗಿಡ ಇವೆಲ್ಲಾ ಆಮ್ಯಾಲಿನ ಮಾತು.

ಮೊದ್ಲು ಗುಂಡಿ ತೋಡ್ರಿ

ಎಕರೆಕ್ಕ ಒಂದು ಅಥವಾ ಎರಡು ಗುಂಡಿ ಸಾಕು, 3 ಫೂಟು ಆಳ. ದಿಬ್ಬದ ಮ್ಯಾಲೆ ಒಂದು, ತಗ್ಗಿನಾಗ ಒಂದು, ಯಾಕಂದ್ರ ನಮ್ಮ ಕಡೆ ಒಂದ ಹೊಲದಾಗ ಮ್ಯಾಲಿನ ತುದಿಗಿ ಅರ್ಧ ಫೂಟು ಮಣ್ಣು ಇದ್ದು ಕೆಳಗಿನ ಒಡ್ಡಿನ ಹತ್ರ 3 ಫೂಟು ಇರೋದು ಸಾಮಾನ್ಯ, ನೂರಾರು ವರ್ಷದಿಂದ ಸಣ್ಣ ಮಣ್ಣೆಲ್ಲಾ ಕೊಚ್ಚಿಕೊಂಡು ಕೆಳಗ ಇಳದೈತಿ, ಕಲ್ಲು ಮಾತ್ರ ಮ್ಯಾಲೆ ಉಳದೈತಿ. ತೋಡಿದಾಗ ನಾಕು ಥರಾ ಸಿಗತಾವ.

ಒಂದನೇದು, ಅರ್ಧದಿಂದ ಒಂದು ಫೂಟು ಗರಸು, ಅದರ ಕೆಳಗ ನೇರ ಹಾಸುಬಂಡಿ. ಹಾರಿ ಹಾಕಿದ್ರ ಟಣ್ ಅಂತೈತಿ. ಎರಡನೇದು, ಮ್ಯಾಲೆ ಗರಸು, ಕೆಳಗ ಕೊಳೆತ ಕಲ್ಲು, ಅಂದ್ರ ನಾವು ಮರಂ ಅಂತೀವಲ್ಲ ಅದು, ಹಾರಿಗಿ ಪುಡಿ ಆಗತೈತಿ, ಕೈಯಾಗ ಹಿಚುಕಿದ್ರ ಹರಳಾಗತೈತಿ. ಮೂರನೇದು, ಮ್ಯಾಲೆ ಅರ್ಧ-ಮುಕ್ಕಾಲು ಫೂಟು ಕಲ್ಲು ಕಲ್ಲು, ಅದರ ಕೆಳಗ ಕೆಂಪು ಜಿಗುಟು ಮಣ್ಣು, ಬೆರಳಾಗ ಹೊಸದ್ರ ಎಳಿ ಬರ್ತೈತಿ. ನಾಕನೇದು, ಒಂದೂವರಿ-ಎರಡು ಫೂಟಿನಾಗ ಬಿಳಿ ಸುಣ್ಣದ ಹರಳು ಸಿಗೋದು, ಕೆಲವು ಕಡೆ ಹರಳು ಅಲ್ಲ, ಗಚ್ಚಿನಂಗ ಗಟ್ಟಿ ಪದರಾನ ಇರತೈತಿ, ಅದರ ಮ್ಯಾಲೆ ಲಿಂಬಿ ರಸ ಅಥವಾ ಸ್ವಲ್ಪ ಆಸಿಡ್ ಬಿಟ್ರ ನೊರಿ ಬರ್ತೈತಿ.

ಈ ನಾಕರಾಗ ಮೂರನೇದು ಚಿನ್ನ. ಮಂದಿ ಮ್ಯಾಲಿನ ಕಲ್ಲು ನೋಡಿ ಕಡಿಮಿ ರೇಟಿಗಿ ಕೊಡತಾರ, ಆದ್ರ ಕೆಳಗಿನ ಜಿಗುಟು ಪದರಾನ ನೀರಿನ ಟ್ಯಾಂಕು. ಒಂದನೇದು ಎಷ್ಟ ಕೆಂಪಗ ಛಂದ ಕಂಡ್ರೂ ಅಲ್ಲಿ ರೊಕ್ಕಾ ಸುರಿಬ್ಯಾಡ್ರಿ.

ಗಿಡಾನೂ ಒಂದೀಟು ಹೇಳತಾವ. ಬಂದರಿ, ತಂಗಡಿ, ಕಾರಿ ಕಂಟಿ ಮೊಣಕಾಲ ಮಟ್ಟಕ್ಕ ನಿಂತಿದ್ರ ಮಣ್ಣು ತೆಳು ಅಂತ ಅರ್ಥ, ಬೇವು ದಪ್ಪಗ ಬೆಳದಿದ್ರ, ಬಾರಿ ಗಿಡ ಎತ್ತರ ಆಗಿದ್ರ ಬೇರಿಗಿ ಕೆಳಗ ದಾರಿ ಸಿಕ್ಕೈತಿ ಅಂತ. ಬಳ್ಳಾರಿ ಜಾಲಿ ಮಾತ್ರ ಸಾಕ್ಷಿಗಿ ಬರಂಗಿಲ್ಲ, ಅದು ಎಲ್ಲಿ ಬೇಕಾದ್ರೂ ಬೆಳಿತೈತಿ.

ಕಲ್ಲು ಎಷ್ಟು ಪಾಲು?

2 ಮಿ.ಮೀ.ಗಿಂತ ದೊಡ್ಡದನ್ನ ಮಣ್ಣಿನ ಲೆಕ್ಕದಾಗ ಮಣ್ಣು ಅನ್ನಂಗಿಲ್ಲ, ಅಲ್ಲಿಂದ 75 ಮಿ.ಮೀ. ತನಕ ಗರಸು. ಒಟ್ಟು ಗಾತ್ರದಾಗ 15ರಿಂದ 35 ಪರ್ಸೆಂಟ್ ಗರಸು ಇದ್ರ ಗರಸು ಮಣ್ಣು, 35 ದಾಟಿದ್ರ ಭಾಳ ಗರಸು, 60 ದಾಟಿದ್ರ ಅದು ರೋಡಿಗಿ ಹಾಕೋ ಮಾಲು ಅಂತ ತಿಳ್ಕೊಳ್ರಿ. ಮನ್ಯಾಗ ಅಳಿಯೋದು ಸಸಾರ: ಒಂದು ಬಕೆಟ್ ಮಣ್ಣು ತುಂಬಿ ಗಾತ್ರ ಗುರುತು ಮಾಡ್ರಿ, ಸಣ್ಣ ಜರಡಿಯಾಗ ಸಾಣಿಸಿ, ಮ್ಯಾಲೆ ಉಳದ ಕಲ್ಲನ್ನ ತೊಳದು, ಅರ್ಧ ನೀರು ಇರೋ ಅಳತಿ ಬಕೆಟ್ಟಿಗಿ ಹಾಕ್ರಿ, ನೀರು ಎಷ್ಟು ಲೀಟರ್ ಏರತೈತಿ ಅಷ್ಟು ಕಲ್ಲು. 10 ಲೀಟರ್ ಮಣ್ಣಿನಾಗ 4 ಲೀಟರ್ ಏರಿದ್ರ 40 ಪರ್ಸೆಂಟ್.

ಇದು ಯಾಕ ಮುಖ್ಯ ಅಂದ್ರ ಸಾಯಿಲ್ ಹೆಲ್ತ್ ಕಾರ್ಡು. 2015ರಿಂದ ಎಲ್ಲಾರ ಕೈಯಾಗ ಬಂದೈತಿ, ಛಲೋ ಕೆಲಸ, ಆದ್ರ ಲ್ಯಾಬಿನಾಗ ಮಣ್ಣನ್ನ 2 ಮಿ.ಮೀ. ಜರಡಿಯಾಗ ಸಾಣಿಸಿ ಕೆಳಗ ಬಿದ್ದಿದ್ದನ್ನ ಮಾತ್ರ ಟೆಸ್ಟ್ ಮಾಡತಾರ. ಕಾರ್ಡಿನಾಗ ಪೊಟ್ಯಾಷ್ ಮಧ್ಯಮ ಅಂತ ಬಂದೈತಿ ಅನ್ಕೊಳ್ರಿ, ನಿಮ್ಮ ಹೊಲದಾಗ ಅರ್ಧ ಕಲ್ಲು ಇದ್ರ ಬೇರಿಗಿ ಸಿಗೋದು ಅದರ ಅರ್ಧ. ಪಕ್ಕದ ಎರಿ (ಕಪ್ಪು ಮಣ್ಣಿನ) ಹೊಲದ ಕಾರ್ಡೂ ನಿಮ್ಮ ಕಾರ್ಡೂ ಒಂದ ನಂಬರ್ ತೋರಿಸಿದ್ರೂ ಎರಡೂ ಹೊಲ ಒಂದ ಅಲ್ಲ. ಸ್ಯಾಂಪಲ್ ಕೊಡೋವಾಗ ಕಲ್ಲು ಎಷ್ಟಿತ್ತು ಅಂತ ನೀವ ಬರದಿಟ್ಕೋಬೇಕು, ಅಲ್ಲಿ ಯಾರೂ ಕೇಳಂಗಿಲ್ಲ.

ನೀರಿನ ಲೆಕ್ಕ

ಕೊಡದಾಗ ಅರ್ಧ ಕಲ್ಲು ತುಂಬಿ ನೀರು ಹಾಕಿದಂಗ, ಇಷ್ಟ ಇದರ ಕತಿ. ಮರಳು ಮಿಶ್ರ ಕೆಂಪು ಮಣ್ಣು ಒಂದು ಮೀಟರ್ ಆಳಕ್ಕ ಬೆಳಿಗಿ ಸಿಗೋವಂಥ ನೀರು ಸುಮಾರು 120 ಮಿ.ಮೀ. ಹಿಡಕೊಂತೈತಿ. ನಿಮ್ಮದು ಒಂದು ಫೂಟು, ಅದರಾಗ ಅರ್ಧ ಕಲ್ಲು, ಅಂದ್ರ ಉಳಿಯೋದು 18 ಮಿ.ಮೀ. ಹತ್ರ. ತುಂಬಿದ ಬೆಳಿ ದಿನಕ್ಕ 5-6 ಮಿ.ಮೀ. ಕುಡಿತೈತಿ, ಮೂರು ದಿನಕ್ಕ ಖಾಲಿ. ಎರಿ ಮಣ್ಣು 3 ಫೂಟು ಇದ್ರ 150 ಮಿ.ಮೀ. ಮ್ಯಾಲೆ ಹಿಡದಿರತೈತಿ, ಹತ್ರ ಹತ್ರ ತಿಂಗಳು ದೂಡತೈತಿ. ಆರಿದ್ರಾ ಮಳಿ ಆಗಿ ಪುಷ್ಯ ತನಕ ಆಕಾಶ ಕಣ್ಣು ಬಿಡ್ಲಿಲ್ಲ ಅಂದ್ರ ಎರಿ ಹೊಲದವ ಚಾ ಕುಡಕೋತ ಕುಂದರಬಹುದು, ಮಡ್ಡಿ ಹೊಲದವ ಕುಂದರಕ್ಕ ಆಗಂಗಿಲ್ಲ.

ಆದ್ರ ಇದರ ಇನ್ನೊಂದು ಮಗ್ಗಲು ಐತಿ, ಅದನ್ನ ಯಾರೂ ಹೇಳಂಗಿಲ್ಲ. 12 ಮಿ.ಮೀ. ಸಣ್ಣ ಮಳಿ ಆತು ಅನ್ಕೊಳ್ರಿ. ಒಣಗಿದ ಎರಿ ಮಣ್ಣಿನಾಗ ಅದು ಒಂದೂವರಿ-ಎರಡು ಇಂಚು ನೆನಸಿ ನಿಂತು, ಎರಡು ದಿನದ ಬಿಸಿಲಿಗಿ ಹಾರಿ ಹೋಗತೈತಿ, ಮ್ಯಾಲಾಗಿ ಆ ಜಿಗುಟು ಮಣ್ಣು ಹಿಡದ ನೀರಿನಾಗ ದೊಡ್ಡ ಪಾಲು ಬೇರಿಗಿ ಬಿಟ್ಟುಕೊಡಂಗೂ ಇಲ್ಲ. ಅದ ಮಳಿ ಗರಸಿನಾಗ 5-6 ಇಂಚು ಇಳಿತೈತಿ, ಮ್ಯಾಲಿನ ಹರಳು ಒಣಗಿ ಮುಚ್ಚಿಗಿ ಹಾಕಿದಂಗ ಆಗತೈತಿ, ಕೆಳಗಿನ ಹಸಿ ಬಿಸಿಲಿಗಿ ಸಿಗಂಗಿಲ್ಲ. ನಮ್ಮ ಕಡೆ ವರ್ಷದ ಮಳಿ ಹೆಚ್ಚುಕಮ್ಮಿ 500ರಿಂದ 650 ಮಿ.ಮೀ., ಸೆಪ್ಟೆಂಬರ್ ದೊಡ್ಡ ತಿಂಗಳು, ಉಳಿದ ತಿಂಗಳೆಲ್ಲಾ ಇಂಥಾ ತುಂತುರು ಮಳೀನ ಹೆಚ್ಚು. ಹಂಗಾಗಿ ಬರದ ವರ್ಷ ಮಡ್ಡಿಯಾಗ ಹುಲ್ಲು ಹಸರು ಕಾಣತೈತಿ, ಎರಿ ಬಾಯಿ ಬಿಟ್ಟುಕೊಂಡು ಮಲಗಿರತೈತಿ. ಆಳಕ್ಕ ಬೇರು ಬಿಡೋ ವರ್ಷಾನುಗಟ್ಟಲೆ ಬದುಕೋ ಗಿಡ, ಹುಲ್ಲು ಇದ್ರ ಈ ಮಣ್ಣು ಲಾಭ, 90 ದಿನದ ಬೆಳಿಗಿ ಇದ ಮಣ್ಣು ಜೂಜು.

ನೀರು ಇಳಿಯೋ ಸ್ಪೀಡ್ ನೋಡಬೇಕಂದ್ರ 6 ಇಂಚಿನ ಪಿವಿಸಿ ಪೈಪು ಒಂದು ಫೂಟು ತುಂಡು ತಗೊಂಡು 2-3 ಇಂಚು ನೆಲದಾಗ ಹೂತು ಒಂದಿಂಚು ನೀರು ಹಾಕ್ರಿ, ಅದು ಇಂಗಿದ ಮ್ಯಾಲೆ ಮತ್ತೊಂದಿಂಚು ಹಾಕಿ ಟೈಮ್ ನೋಡ್ರಿ, ಎರಡನೇದ ಲೆಕ್ಕಕ್ಕ. ಅರ್ಧ ತಾಸಿನ ಒಳಗ ಇಂಗಿದ್ರ ಭಾಳ ಸ್ಪೀಡು, ತಾಸಿಗಿ 50 ಮಿ.ಮೀ. ಮ್ಯಾಲೆ. ಎರಿ ಮಣ್ಣು ನೆಂದ ಮ್ಯಾಲೆ ತಾಸಿಗಿ 1ರಿಂದ 5 ಮಿ.ಮೀ. ಅಷ್ಟ. ಗರಸು ಇದ್ದೂ ನೀರು ಹರದು ಹೋಗಾಕತ್ತಿದ್ರ ಮ್ಯಾಲೆ ತೊಗಲಿನಂಥ ಪದರ ಕಟ್ಟೈತಿ ಅಂತ ಅರ್ಥ, ಕೆಂಪು ಮಣ್ಣಿನ ರೋಗ ಇದು, ಹನಿ ಬಡದು ಸಣ್ಣ ಮಣ್ಣು ಸಿಮೆಂಟಿನಂಗ ಕೂತಿರತೈತಿ. ಹರಳು ಸಡ್ಲಾಗಿ ಮ್ಯಾಲೆ ಬಿದ್ದಿದ್ರ ಈ ಪದರ ಕಟ್ಟೋದು ತಪ್ಪತೈತಿ, ಪದರದಾಗ ಹೂತು ಹೋಗಿದ್ರ ಮಾತ್ರ ಉಲ್ಟಾ, ನೀರು ಇನ್ನೂ ಜೋರು ಹರಿತೈತಿ. ಅದಕ್ಕ ಹೊಲದಾಗಿನ ಕಲ್ಲೆಲ್ಲಾ ಆರಿಸಿ ಹೊರಗ ಹಾಕ್ತೀನಿ ಅನ್ನೋರಿಗಿ ಒಂದ ಮಾತು, ಮುಷ್ಟಿಗಿಂತ ದೊಡ್ಡದು ತಗೀರಿ, ಅದನ್ನ ಇಳಿಜಾರಿಗಿ ಅಡ್ಡ ಕಲ್ಲೊಡ್ಡು ಹಾಕ್ರಿ, ಸಣ್ಣ ಹರಳು ಅಲ್ಲೇ ಇರಲಿ.

ಆಯ್ಕೆ 1: ಹುಲ್ಲು ಮತ್ತು ಕುರಿ

ಒಂದನೇ ಥರದ ನೆಲ, ಅಂದ್ರ ಒಂದು ಫೂಟಿನ ಒಳಗ ಬಂಡಿ ಇರೋದು, ಅದಕ್ಕ ನನ್ನ ಪ್ರಕಾರ ಬೇರೆ ಆಯ್ಕೆ ಇಲ್ಲ. ಎರಡನೇದಕ್ಕೂ ಬೋರು ಇಲ್ಲದಿದ್ರ ಇದ ಮೊದಲನೇದು. ಮಂದಿ ಇದನ್ನ ಕೊನಿಗಿ ಇಡತಾರ, "ಏನೂ ಆಗದಿದ್ರ ಕುರಿಗಿ ಬಿಡೋದು" ಅಂತ. ನಾನು ಉಲ್ಟಾ ಹೇಳ್ತೀನಿ, ಮೊದ್ಲು ಹುಲ್ಲು ಯಾಕ ಬ್ಯಾಡ ಅಂತ ಕಾರಣ ಸಿಗಬೇಕು, ಆಮ್ಯಾಲೆ ಟ್ರ್ಯಾಕ್ಟರ್ ಕರೀಬೇಕು. ಯಾಕಂದ್ರ ಒಮ್ಮೆ ರಂಟಿ ಹೊಡದ್ರ ವರ್ಷಾನುಗಟ್ಟಲೆ ಬೇರು ಬಿಟ್ಟಿದ್ದ ಹುಲ್ಲು ಹೋಗತೈತಿ, ಮುಂದಿನ ದೊಡ್ಡ ಮಳಿಗಿ ಇದ್ದ ಚೂರು ಸಣ್ಣ ಮಣ್ಣೂ ಹಳ್ಳಕ್ಕ ಹೋಗತೈತಿ, ಅದು ತಿರುಗಿ ಬರಂಗಿಲ್ಲ. ಬೆಳಿ ಹಾಳಾದ್ರ ಮುಂದಿನ ವರ್ಷ ಐತಿ, ಈ ಮಣ್ಣು ಹಾಳಾದ್ರ ಮುಂದಿನ ವರ್ಷ ಇಲ್ಲ.

ಆದ್ರ ಸುಮ್ನ ಬಿಟ್ರ ಹುಲ್ಲುಗಾವಲು ಆಗಂಗಿಲ್ಲ. ಸುಮ್ನ ಬಿಟ್ಟ ಮಡ್ಡಿಯಾಗ ಕುರಿ ಛಲೋ ಹುಲ್ಲನ್ನ ಆರಿಸಿ ತಿಂದು ಮುಗಸ್ತಾವ, ಉಳಿಯೋದು ಊಬಿನ ಹುಲ್ಲು, ಅದರ ಬೀಜ ಉಣ್ಣಿಯಾಗ ಸಿಗಿಬೀಳತೈತಿ, ಬಾಯಾಗ ಚುಚ್ಚತೈತಿ, ಅದನ್ನ ಹೂ ಬಿಡೋದರ ಒಳಗ ಮೇಯಿಸಬೇಕು. ಬಿತ್ತೋದಾದ್ರ ಸೆಂಕ್ರಸ್, ಅಂದ್ರ ಅಂಜನ್ ಹುಲ್ಲು, ಈ ಮಳಿಗಿ, ಈ ಮಣ್ಣಿಗಿ ಹೇಳಿ ಮಾಡಿಸಿದ್ದು, ಅದರ ಜೋಡಿ ಸ್ಟೈಲೋ ಅನ್ನೋ ದ್ವಿದಳ ಮೇವು, ಅದು ಗಾಳಿಯಾಗಿನ ಸಾರಜನಕ ನೆಲಕ್ಕ ಕೊಡತೈತಿ, ಮೇವಿಗಿ ಪ್ರೋಟೀನೂ ಕೊಡತೈತಿ. ಸ್ಟೈಲೋ ಬೀಜದ ಸಿಪ್ಪಿ ಗಟ್ಟಿ, ಹಂಗ ಬಿತ್ತಿದ್ರ ಹುಟ್ಟಂಗಿಲ್ಲ, 80 ಡಿಗ್ರಿ ಬಿಸಿ ನೀರಿನಾಗ ನಾಕು ನಿಮಿಷ ಇಟ್ಟು ತೆಗದು ರಾತ್ರಿ ಎಲ್ಲಾ ತಣ್ಣೀರಿನಾಗ ನೆನಸಬೇಕು. ಎರಡೂ ಬೀಜ ಮ್ಯಾಲೆ ಮ್ಯಾಲೆ ಬೀಳಬೇಕು, ಅರ್ಧ ಇಂಚಿಗಿಂತ ಆಳ ಹೋದ್ರ ಮುಗೀತು, ಕೂರಿಗಿ ಬ್ಯಾಡ, ಕೈಲೆ ಚೆಲ್ಲಿ ಮುಳ್ಳು ಕಂಟಿ ಎಳದ್ರ ಸಾಕು. ಸೆಂಕ್ರಸ್ ಬೀಜ ಹತ್ತಿಯಂಗ ಹಗೂರ, ಗಾಳಿಗಿ ಹಾರತೈತಿ, ಹಸಿ ಮಣ್ಣಿನ ಜೋಡಿ ಕಲಸಿ ಚೆಲ್ರಿ. ಮತ್ತ ಮೊದಲನೇ ವರ್ಷ ಒಂದೂ ಕುರಿ ಒಳಗ ಬಿಡಬಾರದು, ಕಷ್ಟ ಇದು, ಬೇಲಿ ಇಲ್ಲದ ಊರಾಗ ಇನ್ನೂ ಕಷ್ಟ, ಆದ್ರ ಬ್ಯಾರೆ ದಾರಿ ಇಲ್ಲ.

ಎಷ್ಟು ಕುರಿ ತಡಿತೈತಿ ಅನ್ನೋದು ಅಂದಾಜಿನ ಮ್ಯಾಲೆ ಬ್ಯಾಡ. ಅಕ್ಟೋಬರಿನಾಗ ಒಂದು ಮೀಟರ್ ಉದ್ದಗಲದ ಚೌಕಟ್ಟು ಹಾಕಿ ಹುಲ್ಲು ಕೊಯ್ದು ಒಣಗಿಸಿ ತೂಕ ಮಾಡ್ರಿ, ಹತ್ತು ಕಡೆ ಮಾಡಿ ಸರಾಸರಿ ತಗೀರಿ, ಬಂದ ಗ್ರಾಂ ಅನ್ನ ನಾಕರಿಂದ ಗುಣಿಸಿದ್ರ ಎಕರೆಕ್ಕ ಎಷ್ಟು ಕೆಜಿ ಅಂತ ಬರ್ತೈತಿ. 200 ಗ್ರಾಂ ಬಂದ್ರ 800 ಕೆಜಿ. ಅದರಾಗ ಅರ್ಧ ನೆಲಕ್ಕ ಬಿಡಬೇಕು, ಬೇರು ಬದುಕಾಕ, ಮಣ್ಣು ಮುಚ್ಚಾಕ. ಉಳಿದದ್ದು 400. 30 ಕೆಜಿ ತೂಕದ ಕುರಿ ದಿನಕ್ಕ ಸುಮಾರು ಒಂದು ಕೆಜಿ ಒಣ ಲೆಕ್ಕದ ಮೇವು ತಿಂತೈತಿ, ಅಂದ್ರ ವರ್ಷಕ್ಕ ಎಕರೆಕ್ಕ ಒಂದು ಕುರಿ. ಇಷ್ಟನಾ ಅಂತೀರಿ, ಹೌದು ಇಷ್ಟ. ಅದಕ್ಕ ನಮ್ಮ ಕುರಿಗಾರರು ಸುಗ್ಗಿ ಮುಗದ ಮ್ಯಾಲೆ ಹಿಂಡು ಹೊಡಕೊಂಡು ಸಿಂಧನೂರು, ಸಿರುಗುಪ್ಪ ಕಡೆ ಕಾಲುವಿ ಸೀಮಿಗಿ ಹೋಗೋದು, ಭತ್ತ ಕೊಯ್ದ ಹೊಲದಾಗ ಮೇಯಿಸಿ, ರಾತ್ರಿ ಅಲ್ಲೇ ತರುಬಿ ಗೊಬ್ಬರದ ರೊಕ್ಕಾ ತಗೊಂಡು ಬರೋದು. ಮಡ್ಡಿ ಆರು ತಿಂಗಳು, ಕಾಲುವಿ ಸೀಮಿ ಆರು ತಿಂಗಳು, ಹಂಗ ಲೆಕ್ಕ ಹಾಕಿದ್ರ ಎಕರೆಕ್ಕ ಎರಡು ಬರತಾವ. ಹಿಂಡು ಹೊರಗ ಹೋದ ಆರು ತಿಂಗಳು ಹುಲ್ಲಿಗಿ ರಜಾ ಸಿಗತೈತಿ, ಯಾವ ಪುಸ್ತಕ ಓದದ ಹಿರಿಯರು ಮಾಡಿದ ವ್ಯವಸ್ಥಾ ಇದು.

ತಳಿ ಬಗ್ಗೆ ಒಂದೆರಡು ಮಾತು. ಬಳ್ಳಾರಿ ಕುರಿ ಉಣ್ಣಿಯದು, ಕೆಂಗುರಿ ಮಾಂಸದ್ದು, ಲಿಂಗಸುಗೂರು-ಸಿಂಧನೂರು-ಗಂಗಾವತಿ-ಕುಷ್ಟಗಿ ಸೀಮಿಗಿ ಕೆಂಗುರಿ ಹಳೇ ನೆಂಟ. ಉಣ್ಣಿಗಿ ಈಗ ಕೇಳೋರಿಲ್ಲ, ಹಂಗಾಗಿ ನಾನು ಕೆಂಗುರಿ ಕಡೆ. ಹೊರಗಿನ ದೊಡ್ಡ ತಳಿ ತಂದು ಈ ಬಿಸಿಲಾಗ, ಈ ಕಲ್ಲಿನಾಗ ಅಡ್ಡಾಡಿಸೋದು ಯಾಕ ಬೇಕು ನನಗ ಗೊತ್ತಾಗಂಗಿಲ್ಲ.

ಬಳ್ಳಾರಿ ಜಾಲಿ ತುಂಬಿದ ಮಡ್ಡಿ ಇದ್ರ ಅದು ಬ್ಯಾರೆ ಖರ್ಚು. ಬುಡದಿಂದ ಕಡದ್ರ ನಾಕು ಟೊಂಗಿ ಆಗಿ ಬರ್ತೈತಿ, ಚಿಗುರೋ ಭಾಗ ನೆಲದ ಒಳಗ ಒಂದು ಫೂಟಿನ ತನಕ ಇರತೈತಿ, ಅಲ್ಲಿ ತನಕ ಕಿತ್ತಬೇಕು. ಕಾಯಿ ಕುರಿ ತಿಂತಾವ, ಬೀಜ ಹಿಕ್ಕಿಯಾಗ ಜೀವಂತ ಹೊರಗ ಬರ್ತೈತಿ, ಹಂಗಾಗಿ ಕಿತ್ತಿದ ವರ್ಷ ಹುಲ್ಲು ಬಿತ್ತಿ ನೆಲ ಮುಚ್ಚದಿದ್ರ ಮತ್ತ ಅದ ಕತಿ.

ಆಯ್ಕೆ 2: ಸಜ್ಜಿ, ಹುರಳಿ, ಮಡಕಿ

ಮೂರನೇ ಥರದ ನೆಲಕ್ಕ ಆರಾಮ, ಎರಡನೇದಕ್ಕ ಮಳಿ ಬಂದ್ರ ಆಯ್ತು, ಒಂದನೇದಕ್ಕ ಬ್ಯಾಡ. ಸಜ್ಜಿ ಕುಷ್ಟಗಿ-ಯಲಬುರ್ಗಾ ಕಡೆ ಹಳೇ ಬೆಳಿ, 75ರಿಂದ 90 ದಿನ, ಬ್ಯಾಸಿಗಿ ತಡಿತೈತಿ, ಕಣಿಕಿನೂ ಸಿಗತೈತಿ. ಬಿತ್ತಿದ ಎರಡನೇ ದಿನ ಜೋರು ಮಳಿ ಬಡದು ಬಿಸಿಲು ಬಿದ್ರ ಮ್ಯಾಲಿನ ಪದರ ಒಡದು ಮೊಳಕಿ ಹೊರಗ ಬರಾಕ ಆಗಂಗಿಲ್ಲ, ಆಗ ಹಗೂರ ಮುಳ್ಳು ಎಳದು ಪದರ ಒಡೀರಿ. ಹುರಳಿ, ಮಡಕಿ ತಡಾ ಆದ್ರೂ ನಡಿತಾವ, ಹುಬ್ಬಿ ಮಳಿಗಿ ಬಿತ್ತಿದ್ರೂ ಇಬ್ಬನಿ ಕುಡಕೊಂಡು ಏನೋ ಒಂದು ಕೊಡತಾವ. ನವಣಿ ಸ್ವಲ್ಪ ಮಣ್ಣು ಇದ್ದ ಕಡೆ. ಶೇಂಗಾ ಕೇಳೋರಿಗಿ: ಮರಳು ಮಸಾರಿಗಿ ಶೇಂಗಾ ರಾಜಾ, ಆದ್ರ ಗರಸಿಗಿ ಅಲ್ಲ, ಊಡು (ಹೂವಿನಿಂದ ಇಳಿದು ಕಾಯಿ ಕಟ್ಟೋ ಕಡ್ಡಿ) ನೆಲದಾಗ ಇಳಿಬೇಕು, ಕಾಯಿ ಕೀಳೋವಾಗ ಅರ್ಧ ಒಳಗ ಉಳಿತಾವ, ಕಲ್ಲು 15 ಪರ್ಸೆಂಟ್ ದಾಟಿದ್ರ ಬಿಟ್ಟು ಬಿಡ್ರಿ. ತೊಗರಿ ಬೇರು ಆಳಕ್ಕ ಹೋಗತೈತಿ, ಆದ್ರ ಹೂ-ಕಾಯಿ ಟೈಮಿನಾಗ ಮಳಿ ಹೋಗಿರತೈತಿ, ಕೆಳಗ ಜಿಗುಟು ಪದರ ಇದ್ರ ಮಾತ್ರ.

ಯೂರಿಯಾ ವಿಷಯ. ಈ ಮಣ್ಣಿನಾಗ ಒಮ್ಮೆಲೇ ಹಾಕಿದ್ರ ದೊಡ್ಡ ಮಳಿಗಿ ಅದು ಬೇರು ದಾಟಿ ಕೆಳಗ ಹೋಗತೈತಿ, ಎರಡು-ಮೂರು ಸಲ ಹಂಚಿ ಹಾಕ್ರಿ. ಸಗಣಿ ಗೊಬ್ಬರನೂ ಎರಿ ಹೊಲದಷ್ಟು ದಿನ ಬಾಳಂಗಿಲ್ಲ, ಗಾಳಿ ಆಡತೈತಿ, ಬಿಸಿ ಹೆಚ್ಚು, ಲಗೂನ ಕರಗತೈತಿ. ವರ್ಷಕ್ಕ ಸ್ವಲ್ಪ ಸ್ವಲ್ಪ, ಅಥವಾ ಕುರಿ ತರುಬಿಸೋದು, ಹಿಕ್ಕಿ ನಿಧಾನ ಕರಗತೈತಿ, ಉಚ್ಚಿನೂ ಅಲ್ಲೇ ಬೀಳತೈತಿ.

ಆಯ್ಕೆ 3: ಹಣ್ಣಿನ ಗಿಡ

ಎಲ್ಲಾರ ಕಣ್ಣು ಇಲ್ಲೇ. ಎರಡನೇ ಥರದ ನೆಲ, ಅಂದ್ರ ಗರಸಿನ ಕೆಳಗ ಮರಂ, ಇದಕ್ಕ ಮಾಡಿದ್ದ ಈ ಆಯ್ಕೆ. ಬೇರು ಕೊಳೆತ ಕಲ್ಲಿನ ಸಂದಿನಾಗ ಇಳಿತೈತಿ, ಅಲ್ಲಿ ಹಸಿ ಇರತೈತಿ, ಮ್ಯಾಲೆ ನೀರು ನಿಂತು ಬೇರು ಕೊಳಿಯೋ ಭಯ ಇಲ್ಲ.

ನೀರು ಇದ್ದೋರಿಗಿ ದಾಳಿಂಬಿ. ಕುಷ್ಟಗಿ ಭಾಗದಾಗ ಯಾಕ ಇಷ್ಟು ಹಬ್ಬೇತಿ ಅಂದ್ರ ಕಾರಣ ಮಣ್ಣ. ಗಿಡಕ್ಕ ಹೂ ಬಿಡಸಾಕ ನೀರು ನಿಲ್ಲಿಸಿ ಎಲಿ ಉದುರಿಸಿ ಬಹಾರ್ ಹಿಡೀಬೇಕಲ್ಲ, ಗರಸಿನಾಗ ನೀರು ಬಂದ್ ಮಾಡಿದ್ರ ಲಗೂನ ಗಿಡಕ್ಕ ಬರ ಹತ್ತತೈತಿ, ಎರಿಯಾಗ ವಾರಗಟ್ಟಲೆ ಕಾಯಬೇಕು, ನಡುವ ಒಂದು ಮಳಿ ಬಂದ್ರ ಕೆಟ್ಟುಹೋತು. ಸೊರಗು ರೋಗನೂ ನೀರು ನಿಲ್ಲೋ ಭಾರಿ ಮಣ್ಣಿನಾಗ ಜಾಸ್ತಿ. ಆದ್ರ ದುಂಡಾಣು ಅಂಗಮಾರಿಗಿ ಮಣ್ಣು ನೋಡೋ ಚಟ ಇಲ್ಲ, ಅದು ಮಳಿ, ಮೋಡ, ಪಕ್ಕದ ತೋಟ ನೋಡತೈತಿ, ಮಣ್ಣು ಛಲೋ ಐತಿ ಅಂತ ದಾಳಿಂಬಿ ಸೇಫ್ ಅಲ್ಲ. ಔಷಧದ ಖರ್ಚು, ಕೂಲಿ, ಬೋರಿನ ಭರವಸಿ ಮೂರೂ ಇದ್ದೋರು ಇಳೀರಿ. ಬೋರು ಫೆಬ್ರವರಿಗಿ ಬತ್ತೋದಾಗಿದ್ರ ಬ್ಯಾಡ.

ಡ್ರಿಪ್ ಹಾಕೋರು ಇಲ್ಲಿ ನೋಡ್ರಿ. ಗರಸಿನಾಗ ಹನಿ ಅಗಲ ಹರಡಂಗಿಲ್ಲ, ನೇರ ಕೆಳಗ ಇಳಿತೈತಿ. ಎರಿಯಾಗ ಗಿಡಕ್ಕ ಎರಡು ಡ್ರಿಪ್ಪರ್ ಸಾಕಾದ್ರ ಇಲ್ಲಿ ನಾಕು ಬೇಕು, ಹತ್ರ ಹತ್ರ, ಮತ್ತ ಮೂರು ದಿನಕ್ಕೊಮ್ಮೆ ಮೂರು ತಾಸು ಬಿಡೋ ಬದ್ಲಿ ದಿನಾ ಒಂದು ತಾಸು, ಸಾಧ್ಯ ಇದ್ರ ಅದನ್ನೂ ಮುಂಜಾನಿ-ಸಂಜಿ ಹಂಚಿ. ನೀರು ಅಷ್ಟ, ಖರ್ಚು ಮಾಡೋ ರೀತಿ ಬ್ಯಾರೆ. ಕರೆಂಟು ರಾತ್ರಿ ಮೂರು ತಾಸು ಕೊಡೋ ಊರಾಗ ಇದು ಹೆಂಗ ಅಂದ್ರ ಮ್ಯಾಲೆ ಒಂದು ಟ್ಯಾಂಕು ಕಟ್ಟಸಬೇಕು, ಅದರ ಖರ್ಚನ್ನೂ ಮೊದಲ ದಿನದಾಗ ಬರ್ಕೊಳ್ರಿ.

ನೀರು ಇಲ್ಲದೋರಿಗಿ ಸೀತಾಫಲ, ನೆಲ್ಲಿ, ಬಾರಿ, ಹುಣಸಿ. ಇದರಾಗ ನನ್ನ ಓಟು ಸೀತಾಫಲಕ್ಕ, 5 ಮೀಟರ್ ಅಂತರದಾಗ ಎಕರೆಕ್ಕ 160 ಗಿಡ, ಮತ್ತ ಆಡು-ಕುರಿ ಅದರ ಎಲಿಗಿ ಬಾಯಿ ಹಾಕಂಗಿಲ್ಲ, ಬೇಲಿ ಇಲ್ಲದ ಮಡ್ಡಿಗಿ ಇದಕ್ಕಿಂತ ದೊಡ್ಡ ಗುಣ ಯಾವುದು. ನೆಲ್ಲಿ 6 ಮೀಟರಿಗಿ 112, ಆಡು ಬಿಡಂಗಿಲ್ಲ, ಕಾವಲು ಬೇಕು. ಹುಣಸಿ 10 ಮೀಟರಿಗಿ 40, ಕಸಿ ಗಿಡ ಹಚ್ರಿ, ಬೀಜದ ಗಿಡ ಫಲಕ್ಕ ಬರೋದರಾಗ ಮಗ ಕಾಲೇಜು ಮುಗಸ್ತಾನ. ನಡುವ ಹುಲ್ಲು ಬಿತ್ತಿದ್ರ ಆಯ್ಕೆ ಒಂದೂ ಮೂರೂ ಕೂಡಿದಂಗಾತು. ಮಾವು, ಕೊಪ್ಪಳದ ಕೇಸರ್ ಹೆಸರಾಗೇತಿ, ಆದ್ರ ಮೊದಲ ಮೂರು ಬ್ಯಾಸಿಗಿ ಟ್ಯಾಂಕರ್ ಆದ್ರೂ ಹಾಕಿ ನೀರು ಕೊಡೋ ತಾಕತ್ತು ಇದ್ರ ಮಾತ್ರ. ಗೆದ್ದಲು ಎಲ್ಲಾದಕ್ಕೂ ಹತ್ತತೈತಿ, ಸಸಿ ಹಚ್ಚೋವಾಗ ಗುಂಡಿಯಾಗ ಒಣ ಕಸ, ಅರ್ಧ ಕೊಳೆತ ಸಗಣಿ ಹಾಕ್ಬ್ಯಾಡ್ರಿ.

ಸುಣ್ಣದ ಹರಳಿನ ನಾಕನೇ ನೆಲದಾಗ ಲಿಂಬಿ, ಮೋಸಂಬಿ ಹಚ್ಚಿದ್ರ ಎಳಿ ಎಲಿ ಹಳದಿ ಆಗತಾವ, ನರ ಮಾತ್ರ ಹಸರು, ಕಬ್ಬಿಣ ಸಿಗದ ಲಕ್ಷಣ. ಅಲ್ಲಿ ದಾಳಿಂಬಿ, ಬಾರಿ ತಡಿತಾವ. ಪದರ ಗಟ್ಟಿ ಇದ್ರ ಗುಂಡಿ ಅದನ್ನ ಒಡದು ಕೆಳಗ ಹೋಗಬೇಕು, ಇಲ್ಲಾಂದ್ರ ಗಿಡ ಕುಂಡ್ಯಾಗ ಇಟ್ಟಂಗ ಅಲ್ಲೇ ಗಿರಕಿ ಹೊಡಿತೈತಿ.

ಆಯ್ಕೆ 4: ಕೆರಿ ಹೂಳು

ಹೂಳಿನಾಗ ಜಿಗುಟು ಮಣ್ಣು ಇರತೈತಿ, ಗರಸಿಗಿ ಅದ ಬೇಕಾಗಿದ್ದು. ಆದ್ರ ಲೆಕ್ಕ ಹಾಕ್ರಿ: ಒಂದು ಎಕರೆ ಮ್ಯಾಲೆ ಒಂದಿಂಚು ಹೂಳು ಅಂದ್ರ ಸುಮಾರು 100 ಘನ ಮೀಟರ್, ಟ್ರ್ಯಾಲಿಗಿ 3 ಘನ ಮೀಟರ್ ಹಿಡದ್ರ 33-34 ಟ್ರ್ಯಾಲಿ. ಅರ್ಧ ಫೂಟು ಬೇಕಂದ್ರ ಇನ್ನೂರು. ಕೆರಿ ಊರ ಮುಂದ ಇದ್ರ ಓಕೆ, 10 ಕಿಲೋಮೀಟರ್ ದೂರ ಇದ್ರ ಡೀಸೆಲ್ ಲೆಕ್ಕ ಹಾಕಿದ ಮ್ಯಾಲೆ ಮಾತಾಡೋಣ. ಒಡ್ಡು ಇಲ್ಲದ ಇಳಿಜಾರಿಗಿ ಹಾಕಿದ್ರ ಅದ ಹೂಳು ಎರಡು ವರ್ಷದಾಗ ಮತ್ತ ಕೆರಿಗಿ ಹೋಗತೈತಿ, ಮತ್ತ ನೀವ ತರತೀರಿ. ಕಾಲುವಿ ಸೀಮಿ ಕಡೆ ಕೆರಿ ಹೂಳಿನಾಗ ಉಪ್ಪು ಇರಬಹುದು, ತರೋಕಿಂತ ಮೊದ್ಲು ಲವಣಾಂಶ, ಪಿಎಚ್ ಟೆಸ್ಟ್ ಮಾಡಸ್ರಿ.

ನನ್ನ ಸಲಹಾ, ಹೊಲಕ್ಕ ಹಾಕಬ್ಯಾಡ್ರಿ, ಗುಂಡಿಗಿ ಹಾಕ್ರಿ. 2 ಫೂಟು ಉದ್ದಗಲ ಆಳದ 112 ನೆಲ್ಲಿ ಗುಂಡಿಗಿ ಅರ್ಧರ್ಧ ಹೂಳು ತುಂಬಾಕ 13 ಘನ ಮೀಟರ್ ಸಾಕು, ನಾಕೈದು ಟ್ರ್ಯಾಲಿ. 34ಕ್ಕೂ 5ಕ್ಕೂ ವ್ಯತ್ಯಾಸ ನೋಡ್ರಿ. ಬರೇ ಹೂಳು ತುಂಬಿದ್ರ ಮಳಿಗಾಲದಾಗ ಗುಂಡಿಯಾಗ ನೀರು ನಿಂತು ಬೇರು ಕೊಳಿತೈತಿ, ಅರ್ಧ ಅದ ಗರಸು ಕಲಸ್ರಿ.

ಉಳಿದ ಮಾತು ಬೇಗ ಬೇಗ

ಕೃಷಿ ಹೊಂಡ: 2014ರಾಗ ಕೃಷಿ ಭಾಗ್ಯ ಬಂದಾಗಿಂದ ಎಲ್ಲಾ ಕಡೆ ಹೊಂಡ ಆದ್ವು, ಎರಿ ಹೊಲದಾಗ ಮಣ್ಣು ಉಬ್ಬಿ ತಾನ ಮುಚ್ಚಿಕೊಂತೈತಿ, ಗರಸಿನಾಗ ಪ್ಲಾಸ್ಟಿಕ್ ಹಾಸದಿದ್ರ ಹೊಂಡ ಖಾಲಿ. ಹಾಸೋಕ ಆಗದಿದ್ರ ನೀರು ಇಡೋ ಆಸಿ ಬಿಟ್ಟು ಬೋರಿನ ಮ್ಯಾಲಿನ ಕಡೆ ಇಂಗು ಗುಂಡಿ ಮಾಡ್ರಿ, ಇಂಗಿಸೋದು ಈ ಮಣ್ಣಿನ ಹುಟ್ಟು ಗುಣ, ಅದನ್ನ ಉಪಯೋಗ ಮಾಡ್ಕೊಳ್ರಿ. ಮರಂ ಮಾರೋದು: ಪರ್ಮಿಶನ್ ಇಲ್ಲದ ತಗದ್ರ ಕೇಸು, ಪರ್ಮಿಶನ್ ಇದ್ರೂ ಒಮ್ಮೆ ಮಾರಿದ ಮ್ಯಾಲೆ ಅಲ್ಲಿ ಕುರಿನೂ ನಿಲ್ಲಂಗಿಲ್ಲ. ಸೋಲಾರ್, ಗಾಳಿ ಫ್ಯಾನಿನ (ವಿಂಡ್‌ಮಿಲ್) ಕಂಪನಿಗಿ ಲೀಸ್: ಬಂಡಿ ನೆಲಕ್ಕ ಕೆಟ್ಟ ಆಯ್ಕೆ ಅಲ್ಲ, ಅಗ್ರಿಮೆಂಟಿನಾಗ ಒಳಗ ಕುರಿ ಮೇಯಿಸೋ ಹಕ್ಕು ಬರಸ್ರಿ, ವಕೀಲರಿಗಿ ತೋರಿಸಿ ಸಹಿ ಮಾಡ್ರಿ.

ಒಂದ ಕಡೆ 6 ಎಕರೆ ಇದ್ದು ದಿಬ್ಬದಾಗ ಬಂಡಿ, ನಡುವ ಮರಂ, ತಗ್ಗಿನಾಗ ಜಿಗುಟು ಅಂತ ಮೂರೂ ಸಿಕ್ಕಿದ್ರ ಮೂರನ್ನೂ ಒಂದ ಬೆಳಿಗಿ ಒತ್ತಬ್ಯಾಡ್ರಿ: ಮ್ಯಾಲೆ ಸೆಂಕ್ರಸ್-ಸ್ಟೈಲೋ, ನಡುವ ಸೀತಾಫಲ, ತಗ್ಗಿನಾಗ ಸಜ್ಜಿ, ಅದರ ಹಿಂದ ಹುರಳಿ. ಮ್ಯಾಲಿನ ಹುಲ್ಲು ಮಣ್ಣು ಹಿಡಿತೈತಿ, ಇಂಗಿದ ನೀರು ನಡುವಿನ ಬೇರಿಗಿ, ಅಲ್ಲಿಂದ ತಗ್ಗಿಗಿ ಬರ್ತೈತಿ. ದಿಬ್ಬವನ್ನ ರಂಟಿ ಹೊಡದ್ರ ಇದ ಸರಪಳಿ ಉಲ್ಟಾ ನಡಿತೈತಿ, ಗರಸು ಬಂದು ತಗ್ಗಿನ ಛಲೋ ಮಣ್ಣಿನ ಮ್ಯಾಲೆ ಕುಂದರತೈತಿ.

ಖರೀದಿಗಿ ನೋಡೋರಿಗಿ ಒಂದು ಮಾತು. ಮಾರೋವ ಸೆಪ್ಟೆಂಬರಿನಾಗ ಕರಕೊಂಡು ಹೋಗತಾನ, ಆಗ ಎಲ್ಲಾ ಮಡ್ಡಿನೂ ಮಲೆನಾಡ. ಏಪ್ರಿಲಿನಾಗ ಇನ್ನೊಮ್ಮೆ ಹೋಗ್ರಿ, ಮಾರೋವ ಗುಂಡಿ ತೋಡಾಕ ಬಿಡದಿದ್ರ ಪಕ್ಕದ ಹೊಲದ ಹಳೇ ಬಾವಿ ಗೋಡಿ ಇಣುಕಿ ನೋಡ್ರಿ, ಅಥವಾ ರೋಡಿಗಿ ಕಡದ ದಿಬ್ಬದ ಬಾಜು. ಗರಸು ಎಲ್ಲಿ ತನಕ, ಮರಂ ಎಲ್ಲಿಂದ, ಬಂಡಿ ಎಷ್ಟಕ್ಕ, ಬೇವಿನ ಬೇರು ಎಷ್ಟು ಕೆಳಗ ಇಳದಾವ, ಎಲ್ಲಾ ಅಲ್ಲಿ ಕಾಣತೈತಿ.